ಗಂಗೆಯ ಅಂಗಳದಲ್ಲಿ ಎಡೆ ಇಡುವ ಬಗ್ಗೆ ಕಾಗೆಯವರಲ್ಲಿ ಮನವಿ

ಇಂದ,
ಸೋಮು ಬೊಮ್ಮಯ್ಯ ನಾಯಕ,
ವಯಸ್ಸು ಎಪ್ಪತ್ತೆರಡು, ತೂಕ ಐವತ್ತೊಂದು ಕಿಲೋ,
ಅಂಕೋಲೆಯ ತಾಲೂಕು ಕಚೇರಿಯ ಎದುರು ಕುಳಿತು ಮೂವತ್ತೊಂದು ವರ್ಷ ಊರವರ ಅರ್ಜಿ ಬರೆದುಕೊಟ್ಟು ಈಗ ಮನೆಯಲ್ಲಿರುವವ,
ಬೇಲೆಕೇರಿ.

ಗೆ,
ಮಾನ್ಯ ಕಾಗೆಯವರು,
ಪಿತೃಗಳ ಪ್ರತಿನಿಧಿಗಳು,
ಹಾಲಿ ಮುಕ್ಕಾಂ: ಗಂಗೆ ಹರಿಕಂತ್ರ ಇವರ ಅಂಗಳದಲ್ಲಿ ಬಲೆ ಒಣಗಿಸುವ ಗಳ, ಬೇಲೆಕೇರಿ.

ವಿಷಯ: ನನ್ನ ಹೆಂಡತಿ ದಿವಂಗತ ಸುಗಂಧಾ ಇವಳ ವರ್ಷಾಂತಿಕದ ಎಡೆಯನ್ನು ತಾವು ಖುದ್ದು ಹಾಜರಾಗಿ ಮುಟ್ಟುವ ಬಗ್ಗೆ, ಹಾಗೂ ಎಡೆಯ ಸ್ಥಳ ಬದಲಾವಣೆಯ ಬಗ್ಗೆ.

ಉಲ್ಲೇಖ:
೧. ಕಳೆದ ವರ್ಷದ ಹನ್ನೆರಡನೆಯ ದಿನದ ಎಡೆ. ತಾವು ಗೈರುಹಾಜರು.
೨. ಕಾರವಾರದಿಂದ ಬಂದ ಆಹಾರ ಪಟ್ಟಿ. ಅಡುಗೆಮನೆಯ ಗೋಡೆಗೆ ಅಂಟಿಸಿದ್ದು, ನಂತರ ಹರಿದದ್ದು.
೩. ಗಂಗೆಯ ಬಾಯಿಮಾತಿನ ಹೇಳಿಕೆ.

ಮಾನ್ಯರೇ,

ಕಳೆದ ವರ್ಷ ವೈಶಾಖ ಬಹುಳ ಸಪ್ತಮಿ, ಸೋಮವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನನಗೆ ವಿಷಯ ತಿಳಿಯಿತು. ಸೋಮವಾರ ನಮ್ಮ ಮನೆಯಲ್ಲಿ ತೂಕ ನೋಡುವ ದಿನ. ನಾನು ತೂಕದ ಯಂತ್ರವನ್ನು ಜಗಲಿಯ ಸಮತಟ್ಟಾದ ಜಾಗದಲ್ಲಿಟ್ಟು, ನೋಟಬುಕ್ಕು ಮತ್ತು ಪೆನ್ನು ಹಿಡಿದುಕೊಂಡು, ನಡೆಯಲು ಹೋದ ಸುಗಂಧಾಳ ದಾರಿ ಕಾಯುತ್ತಿದ್ದೆ. ಬಂದವಳು ಹತ್ತಿರದ ಮನೆಯ ಗಂಗೆ. ಅವಳ ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ತನ್ನ ಮನೆಗೆ ಬಂದಿದ್ದ ಸುಗಂಧಾ ಜಗಲಿಯಲ್ಲಿ ಕುಳಿತವಳು ಹಾಗೆಯೇ ಗೋಡೆಗೆ ಒರಗಿದಳು, ಕರೆದರೆ ಮಾತಾಡುತ್ತಿಲ್ಲ ಎಂದಳು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಕೋಲೆಯಿಂದ ಬಂದ ಡಾಕ್ಟರು ಹೃದಯ ನಿಂತಿದೆ ಎಂದರು. ನಡೆದದ್ದರಿಂದ ಆಯಿತೋ, ತಿಂದದ್ದರಿಂದ ಆಯಿತೋ, ತಿನ್ನದೇ ಇದ್ದದ್ದರಿಂದ ಆಯಿತೋ ಎಂದು ನಾನು ಕೇಳಿದೆ. ಯಾವುದರಿಂದಲೂ ಅಲ್ಲ, ಆಯುಷ್ಯ ಅಷ್ಟೇ ಎಂದರು. ಆ ಉತ್ತರ ನನಗೆ ಸಾಕಾಗಲಿಲ್ಲ. ಕಾರಣ ಈ ಅರ್ಜಿ.

ಸಂಗತಿಗಳನ್ನು ಕ್ರಮವಾಗಿ ತಮ್ಮ ಅವಗಾಹನೆಗೆ ತರುತ್ತೇನೆ.

೧. ಸುಗಂಧಾಳ ವಯಸ್ಸು ಅರವತ್ತಾರು. ಅದಕ್ಕೂ ಹಿಂದಿನ ಆಷಾಢದಲ್ಲಿ ಮೊಣಕಾಲು ನೋವೆಂದು ಅವಳನ್ನು ಕಾರವಾರಕ್ಕೆ ಕರೆದುಕೊಂಡು ಹೋದಾಗ ಅಲ್ಲಿಯ ಡಾಕ್ಟರು ಮೊಣಕಾಲನ್ನು ಬಿಟ್ಟು ಉಳಿದದ್ದನ್ನೆಲ್ಲ ಪರೀಕ್ಷೆ ಮಾಡಿಸಿದರು. ಸಕ್ಕರೆ ಹೆಚ್ಚು, ರಕ್ತದೊತ್ತಡ ಹೆಚ್ಚು, ತೂಕ ಎಂಬತ್ತಮೂರು ಕಿಲೋ ನಾನೂರು ಗ್ರಾಂ. ಕಾರವಾರದ ಕೋಡಿಬಾಗದಲ್ಲಿ ಸಂಸಾರ ಮಾಡಿಕೊಂಡಿರುವ ನಮ್ಮ ಮಗಳು ವಿಜೇತಾ ಒಂದು ಆಹಾರ ಪಟ್ಟಿಯನ್ನೂ, ಒಂದು ತೂಕದ ಯಂತ್ರವನ್ನೂ, ಕೈಗೆ ಕಟ್ಟಿಕೊಂಡರೆ ಹೆಜ್ಜೆ ಎಣಿಸುವ ಒಂದು ಗಡಿಯಾರವನ್ನೂ ತಂದುಕೊಟ್ಟಳು. ಹನ್ನೆರಡು ಕಿಲೋ ಇಳಿಸಬೇಕೆಂದು ಅವಳು ಹೇಳಿದ್ದು ತಾಯಿಗೆ. ಮನಸ್ಸಿಟ್ಟು ಕೇಳಿದವ ನಾನು.

೨. ಆದ್ದರಿಂದ ನಾನೇ ನನ್ನನ್ನು ಮೇಲ್ವಿಚಾರಕನೆಂದು ನೇಮಿಸಿಕೊಂಡೆ. ಯಾರೂ ಕೇಳಿರಲಿಲ್ಲ. ಇಡೀ ಆಯುಷ್ಯ ಬೇರೆಯವರ ಅರ್ಜಿ ಬರೆದವನಿಗೆ ಮೊದಲ ಬಾರಿಗೆ ಆದೇಶ ಹೊರಡಿಸುವ ಅವಕಾಶ ಸಿಕ್ಕಿತ್ತು. ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ, ದೇವರ ಪಟದ ಕೆಳಗೆ ಅಂಟಿಸಿದೆ. ದಿನಾ ದೀಪ ಹಚ್ಚುವಾಗ ವೆಂಕಟ್ರಮಣನಿಗೆ ಮೊದಲು ಕೈ ಮುಗಿದು, ಆಮೇಲೆ ಪಟ್ಟಿ ಓದಿ ಹೇಳುತ್ತಿದ್ದೆ.

೩. ಪಟ್ಟಿಯಲ್ಲಿ ಬೆಳಗಿನ ತಿಂಡಿಗೆ ಓಟ್ಸ್ ಎಂದಿತ್ತು. ಮೊದಲ ದಿನ ಒಂದು ಚಮಚ ಬಾಯಿಗಿಟ್ಟ ಸುಗಂಧಾ, ನಮ್ಮ ಎಮ್ಮೆಗೆ ಇದನ್ನು ಕೊಟ್ಟರೆ ಅದೂ ಒಂದು ತುಂಡು ಬೆಲ್ಲ ಕೇಳುತ್ತದೆ ಎಂದಳು. ಮಧ್ಯಾಹ್ನ ಒಂದು ಬಟ್ಟಲು ಅನ್ನ ಎಂದಿತ್ತು. ಆದರೆ ಬಟ್ಟಲಿನ ಅಳತೆ ಹೇಳಿರಲಿಲ್ಲ. ಆದೇಶದಲ್ಲಿಯ ಈ ಲೋಪವನ್ನು ಅವಳು ತಕ್ಷಣ ಗುರುತಿಸಿ, ಮದುವೆಯಲ್ಲಿ ತವರಿನಿಂದ ತಂದ ಕಂಚಿನ ಬಟ್ಟಲನ್ನು ಅಟ್ಟದಿಂದ ಇಳಿಸಿದಳು. ಅದರಲ್ಲಿ ಇಬ್ಬರು ಉಣ್ಣಬಹುದು. ನಾನು ವಿಜೇತಾಳಿಗೆ ಫೋನು ಮಾಡಿ ಬಟ್ಟಲಿನ ಬಗ್ಗೆ ಸ್ಪಷ್ಟೀಕರಣ ತರಿಸಿಕೊಂಡೆ. ಕಂಚಿನ ಬಟ್ಟಲು ಮತ್ತೆ ಅಟ್ಟಕ್ಕೆ ಹೋಯಿತು. ಸುಗಂಧಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಎದುರಿಗೆ ಬಂದು ನಿಂತು, "ಹೋಯ್, ಅರ್ಜಿ ಬರಿಯೋರೇ, ನಂಗೂ ಒಂದು ಅರ್ಜಿ ಬರ್ಕೊಡಿ. ಒಂದು ಹಿಡಿ ಅನ್ನ ಜಾಸ್ತಿ ಕೊಡಿ ಅಂತ. ಯಾರ ಹೆಸ್ರಿಗೆ ಬರೀತ್ರಿ ನೋಡ್ವಾ" ಎಂದಳು. ನಾನು ನಕ್ಕೆ. ಬರೆದುಕೊಡಲಿಲ್ಲ. ಅನ್ನವನ್ನೂ ಕೊಡಲಿಲ್ಲ.

೪. ಉಪ್ಪು ಕಡಿಮೆ ಮಾಡಬೇಕೆಂದಿದ್ದ ಕಾರಣ ನಾನು ನಮ್ಮ ಮನೆಯಲ್ಲಿ ಮೀನು ಒಣಗಿಸುವುದನ್ನು ನಿಲ್ಲಿಸಿದೆ. ಈ ಅಂಶವನ್ನು ತಾವು ದಯವಿಟ್ಟು ಗಮನಿಸಬೇಕು. ನಲವತ್ತನಾಲ್ಕು ವರ್ಷ, ಪ್ರತಿ ಬೇಸಿಗೆ, ಮಳೆಗಾಲದ ಖರ್ಚಿಗೆಂದು ಸುಗಂಧಾ ಅಂಗಳದಲ್ಲಿ ಚಾಪೆ ಹಾಸಿ ಬಂಗಡೆ ಒಣಗಿಸುತ್ತಿದ್ದಳು. ಕೈಯಲ್ಲಿ ಕೋಲು ಹಿಡಿದು ತಮ್ಮನ್ನು ಬೈಯುತ್ತಿದ್ದಳು. ಬೈದು ಮುಗಿದ ಮೇಲೆ ತಲೆ, ಬಾಲಗಳನ್ನು ಬೇಲಿಯ ಮೂಲೆಯಲ್ಲಿ ತಮಗೇ ಹಾಕುತ್ತಿದ್ದಳು. ಆ ಬೇಸಿಗೆಯಲ್ಲಿ ಚಾಪೆ ಬಿಚ್ಚಲಿಲ್ಲ. ಅಂಗಳ ಸ್ವಚ್ಛವಾಗಿತ್ತು. ನನಗೆ ಹೆಮ್ಮೆಯಾಗಿತ್ತು.

೫. ಕರಿ ಇಶಾಡ ಮಾವಿನಹಣ್ಣಿನ ಕಾಲದಲ್ಲಿ ಅವಳಿಗೆ ದಿನಕ್ಕೆ ಒಂದು ಹೋಳು ಮಂಜೂರಾಗಿತ್ತು. ಗೊರಟು ಹೋಳಿನ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಚೀಪಬಹುದು ಎಂದು ಅವಳು ವಾದಿಸಿದಳು. ನಾನು ಆ ವಾದವನ್ನು ತಳ್ಳಿಹಾಕಿ ಗೊರಟನ್ನು ನಾನೇ ಚೀಪಿದೆ. ಈ ವಿಷಯದಲ್ಲಿ ನನ್ನ ಸಮರ್ಥನೆ ಏನೂ ಇಲ್ಲ.

೬. ಇನ್ನು ವ್ಯಾಯಾಮ. ದಿನಾ ಬೆಳಿಗ್ಗೆ ಆರಕ್ಕೆ ಇಬ್ಬರೂ ಸಮುದ್ರದ ದಂಡೆಯಲ್ಲಿ ಒಟ್ಟಿಗೆ ನಡೆಯಬೇಕೆಂದು ತೀರ್ಮಾನವಾಗಿತ್ತು. ಒಂದು ವಾರ ನಡೆದೆವು. ನೀವು ಬಂದರಿನ ಲಾರಿಯ ಹಾಗೆ ಹೋಗುತ್ತೀರಿ, ನನ್ನ ಕಾಲಿಗೆ ಆಗುವುದಿಲ್ಲ, ನೀವು ಬಂದರಿನ ಕಡೆ ಹೋಗಿ, ನಾನು ಈ ಕಡೆ ಹೋಗುತ್ತೇನೆ ಎಂದಳು. ನ್ಯಾಯವಾದ ಮಾತೆಂದು ಒಪ್ಪಿದೆ. ಅವಳ ಕೈಯ ಗಡಿಯಾರ ದಿನಾ ಐದು ಸಾವಿರ, ಆರು ಸಾವಿರ, ಒಮ್ಮೆ ಏಳು ಸಾವಿರದ ಇನ್ನೂರು ಹೆಜ್ಜೆ ತೋರಿಸುತ್ತಿತ್ತು. ನಾನು ನೋಟಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಉತ್ತಮ ಎಂದು ಷರಾ ಹಾಕುತ್ತಿದ್ದೆ.

೭. ಹೀಗೆ ಹನ್ನೊಂದು ತಿಂಗಳು ಕಳೆದ ಮೇಲೆ ಸುಗಂಧಾಳ ತೂಕ ಎಂಬತ್ತಮೂರು ಕಿಲೋ ನೂರು ಗ್ರಾಂ. ಒಂದೇ ಒಲೆಯ ಅಡುಗೆ ಉಣ್ಣುತ್ತಿದ್ದ ಕಾರಣ, ಮೊದಲೇ ಸಪೂರವಾಗಿದ್ದ ನನ್ನ ತೂಕ ಮಾತ್ರ ಒಂಬತ್ತು ಕಿಲೋ ಇಳಿಯಿತು. ಯಂತ್ರ ಹಾಳಾಗಿದೆ ಎಂದುಕೊಂಡು ಅದನ್ನು ರೇಷನ್ ಅಂಗಡಿಗೆ ಹೊತ್ತೊಯ್ದು ಅಕ್ಕಿಯ ಚೀಲ ಇಟ್ಟು ನೋಡಿದೆ. ಯಂತ್ರ ಸರಿ ಇತ್ತು. ನಿಮ್ಮ ಹೆಂಡತಿಯದು ಗಟ್ಟಿ ಮೈ ನಾಯಕರೇ, ಬಿಟ್ಟುಬಿಡಿ ಎಂದು ಅಂಗಡಿಯವರು ಹೇಳಿದರು. ನಾನು ಬಿಡಲಿಲ್ಲ. ರಾತ್ರಿಯ ಒಂದು ಚಪಾತಿಯನ್ನು ಮುಕ್ಕಾಲಿಗೆ ಇಳಿಸಿದೆ. ಅದಾದ ಎಂಟನೆಯ ದಿನ, ಮೇಲೆ ಹೇಳಿದ ಸೋಮವಾರ.

೮. ಹನ್ನೆರಡನೆಯ ದಿನ ನಮ್ಮ ಮನೆಯ ಹಿಂದೆ ತೆಂಗಿನ ಮರದ ಬುಡದಲ್ಲಿ ಎಡೆ ಇಟ್ಟೆವು. ಅನ್ನ, ಉದ್ದಿನ ವಡೆ, ಪಾಯಸ, ಇಡೀ ಒಂದು ಕರಿ ಇಶಾಡ ಹಣ್ಣು. ಹನ್ನೆರಡೂವರೆಯಿಂದ ಕಾದೆವು. ತಾವು ಬರಲಿಲ್ಲ. ನೆಂಟರೆಲ್ಲ ಕೈ ತಟ್ಟಿ ಕರೆದರು. ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದ್ದರೆ ಕಾಗೆ ಬರುವುದಿಲ್ಲ, ಉಳಿದವರು ಮಾತು ಕೊಡಬೇಕು ಎಂಬುದು ನಮ್ಮಲ್ಲಿಯ ನಂಬಿಕೆಯಾದ ಕಾರಣ ಒಬ್ಬೊಬ್ಬರೇ ಮುಂದೆ ಬಂದು ಮಾತು ಕೊಟ್ಟರು. ಅಮ್ಮನ ತುಳಸಿಗೆ ತಪ್ಪದೆ ನೀರು ಹಾಕಿಸುತ್ತೇನೆ ಎಂದು ವಿಜೇತಾ ಹೇಳಿದಳು. ಎಮ್ಮೆಯನ್ನು ಮಾರುವುದಿಲ್ಲ ಎಂದು ನಾನು ಹೇಳಿದೆ. ತಾವು ಬರಲಿಲ್ಲ. ಆಗ ನಾನು ಒಳಗೆ ಹೋಗಿ ಗೋಡೆಯ ಪಟ್ಟಿಯನ್ನು ಕಿತ್ತು ತಂದು, ಎಲ್ಲರ ಎದುರಿಗೆ ನಾಲ್ಕು ತುಂಡು ಮಾಡಿ, "ಇನ್ನು ನಿನ್ನ ತಟ್ಟೆ ನೋಡೂದಿಲ್ಲ, ಬಾ" ಎಂದೆ. ಬಂದದ್ದು ಪಕ್ಕದ ಮನೆಯ ಬೆಕ್ಕು.

೯. ಭಟ್ಟರಿಗೆ ಅವರ್ಸೆಯಲ್ಲಿ ಇನ್ನೊಂದು ಮನೆಯ ಕೆಲಸವಿತ್ತು. ಕಾರಣ ಒಂದೂ ಮುಕ್ಕಾಲಿಗೆ ಅವರು ದರ್ಭೆಯಿಂದ ಒಂದು ಕಾಗೆಯನ್ನು ಕಟ್ಟಿ, ಅದರಿಂದ ಎಡೆಯನ್ನು ಮುಟ್ಟಿಸಿ, ಆಯಿತು, ಎಲೆ ತೆಗೆಯಬಹುದು ಎಂದರು. ಶಾಸ್ತ್ರದಲ್ಲಿ ಅದಕ್ಕೆ ಅವಕಾಶವಿದೆ. ತಮ್ಮ ಪರವಾಗಿ ಪ್ರಭಾರ ವಹಿಸಿದ ಸದರಿ ದರ್ಭೆಯ ಕಾಗೆಯವರ ಬಗ್ಗೆ ನನ್ನ ದೂರು ಏನೂ ಇಲ್ಲ. ಆದರೆ ತಾಲೂಕು ಕಚೇರಿಯ ಎದುರು ಅಷ್ಟು ವರ್ಷ ಕುಳಿತವನಿಗೆ ಪ್ರಭಾರದವರ ಸಹಿ ಎಂದರೆ ಏನೆಂದು ಗೊತ್ತಿದೆ. ಕಡತ ಮುಚ್ಚುತ್ತದೆ. ಕೆಲಸ ಆಗಿರುವುದಿಲ್ಲ.

೧೦. ಅದೇ ದಿನ ಸಂಜೆ, ನೆಂಟರು ಹೋದ ಮೇಲೆ, ಗಂಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಗಂಗೆ ಮತ್ತು ಸುಗಂಧಾ ನಾಲ್ಕನೆಯ ಇಯತ್ತೆಯವರೆಗೆ ಒಂದೇ ಬೆಂಚಿನಲ್ಲಿ ಓದಿದವರು. ಸೆರಗಿನ ತುದಿ ತಿರುವುತ್ತ ಹೇಳಿದಳು: "ನಾಯ್ಕರೇ, ಕಾಗೆ ಬರ್ಲಿಲ್ಲ ಅಂದ್ರು. ನನ್ನ ಹೊಟ್ಟೇಲಿ ಒಂದು ಮಾತದೆ, ಅದ್ಕೇ ಬರ್ಲಿಲ್ವೇನೋ. ಸುಗಂಧಾ ದಿನಾ ಬೆಳಿಗ್ಗೆ ನಮ್ಮನೇಲಿ ತಿಂತಿತ್ತು."

ಹನ್ನೊಂದು ತಿಂಗಳೂ, ಮಾನ್ಯರೇ. ನಮ್ಮ ಮನೆಯಿಂದ ಗಂಗೆಯ ಮನೆಗೆ ಮುನ್ನೂರು ಹೆಜ್ಜೆಯೂ ಇಲ್ಲ. ಸುಗಂಧಾ ಅಲ್ಲಿಗೆ ಹೋಗಿ, ಅವಳ ಮನೆಯ ಎಂಟು ಮಂದಿಗೆ ಅಕ್ಕಿರೊಟ್ಟಿ ತಟ್ಟಿಕೊಡುತ್ತಿದ್ದಳು. ಗಡಿಯಾರ ಕಟ್ಟಿದ ಕೈಯಲ್ಲೇ ತಟ್ಟುತ್ತಿದ್ದಳು. ಒಂದೊಂದು ತಟ್ಟೂ ಗಡಿಯಾರದಲ್ಲಿ ಒಂದೊಂದು ಹೆಜ್ಜೆಯಾಗಿ ದಾಖಲಾಗುತ್ತಿತ್ತು. ಏಳು ಸಾವಿರದ ಇನ್ನೂರು ಬಂದ ದಿನ ಗಂಗೆಯ ಮನೆಗೆ ಹಳದೀಪುರದ ನೆಂಟರು ಬಂದಿದ್ದರಂತೆ. ರೊಟ್ಟಿ ತಟ್ಟಿ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು ಎರಡು ರೊಟ್ಟಿಯನ್ನು ಒಣಬಂಗಡೆಯ ಚಟ್ನಿಯೊಂದಿಗೆ ತಿನ್ನುತ್ತಿದ್ದಳು. ಚೂರುಗಳನ್ನು ಅಂಗಳಕ್ಕೆ ಎಸೆಯುತ್ತಿದ್ದಳು. ಆಮೇಲೆ ಬಾಯಿ ಮುಕ್ಕಳಿಸಿ, ಒಂದು ಎಲೆ ತುಳಸಿ ಜಗಿದು, ಬೆವರು ಬಂದ ಹಾಗೆ ಮುಖಕ್ಕೆ ನೀರು ಹಾಕಿಕೊಂಡು ಮನೆಗೆ ಬರುತ್ತಿದ್ದಳು. ನಾನು ಆ ಬೆವರನ್ನು ನೋಡಿ ಮೆಚ್ಚುತ್ತಿದ್ದೆ.

ಆ ಸೋಮವಾರ ಒಂದು ರೊಟ್ಟಿ ಮುಗಿದು ಎರಡನೆಯದು ಅರ್ಧವಾಗಿತ್ತಂತೆ. ಎದೆ ಹಿಡಿದ ಹಾಗಾಗುತ್ತದೆ ಎಂದು ತಟ್ಟೆ ಪಕ್ಕಕ್ಕಿಟ್ಟಳು. ನನ್ನನ್ನು ಕರೆಯಲು ಗಂಗೆ ಎದ್ದಾಗ, ಅವಳ ಕೈ ಹಿಡಿದು ಹೇಳಿದ ಮಾತು ಇಷ್ಟೇ: "ಅವ್ರಿಗೆ ಹೇಳ್ಬೇಡ, ಹಾಂ." ಗಂಗೆ ಅವಳ ಕೈ ಬಾಯಿ ಒರೆಸಿ, ತಟ್ಟೆಯನ್ನು ಒಲೆಯ ಹಿಂದೆ ಇಟ್ಟು, ಆಮೇಲೆ ಓಡಿ ಬಂದಳು.

೧೧. ಇದನ್ನು ಕೇಳಿದ ಮೇಲೆ ನಾನು ಆಡಿದ ಮಾತು ಒಂದೇ. ಸಾಯುವಾಗಲೂ ನನಗೆ ಹೆದರಿದಳೇ ಎಂದೆ. ಗಂಗೆ ತಲೆ ಅಲ್ಲಾಡಿಸಿದಳು. "ಹೆದ್ರಿಕೆ ಎಂತದೂ ಅಲ್ಲ ನಾಯ್ಕರೇ. ನಿಮ್ಮ ಸುದ್ದಿ ಹೇಳಿ ಹೇಳಿ ನಗ್ತಿತ್ತು. ಸೋಮಾರ ಬಂದ್ರೆ ನಮ್ಮ ಮುದುಕಂಗೆ ಹಬ್ಬ, ಬರಿಯೂಕೆ ಒಂದು ಕೆಲ್ಸ ಸಿಕ್ತದೆ, ಅದ್ಯಾಕೆ ನಾ ತಪ್ಸೂದು ಅಂತಿತ್ತು. ನಿಮಗೆ ಬೇಜಾರಾಗೂದು ಬೇಡ ಅಂತ ಹೇಳ್ದದ್ದು ಅದು."

ಮಾನ್ಯರೇ, ಈ ಅರ್ಜಿಯ ಮುಖ್ಯ ವಿಚಾರ ಇಲ್ಲಿದೆ. ಗಂಗೆ ಒಳ್ಳೆಯವಳು. ಹೆಂಡತಿ ತೀರಿಕೊಂಡ ಮುದುಕನನ್ನು ಸಮಾಧಾನ ಮಾಡಲು ಅವಳು ಹೀಗೆ ಹೇಳಿರಲೂಬಹುದು. ಸುಗಂಧಾ ನಗುತ್ತ ನನ್ನಿಂದ ಮುಚ್ಚಿಟ್ಟಳೋ, ಹಸಿದು ಹೆದರಿ ಮುಚ್ಚಿಟ್ಟಳೋ ನನಗೆ ತಿಳಿಯಬೇಕು. ಜಗಲಿಯಲ್ಲಿ ಇದ್ದವರು ಇಬ್ಬರೇ. ಒಬ್ಬಳು ಹೋದಳು. ಇನ್ನೊಬ್ಬಳು ಸ್ನೇಹಿತೆ. ಉಳಿದ ಸಾಕ್ಷಿ ತಾವು. ಎದುರಿನ ಗಳದ ಮೇಲೆ ದಿನಾ ಬೆಳಿಗ್ಗೆ ಕುಳಿತು ಎಲ್ಲವನ್ನೂ ಕೇಳಿದವರು ತಾವು.

೧೨. ಮರುದಿನ ನಾನು ಸ್ಥಳ ಪರಿಶೀಲನೆಗೆ ಗಂಗೆಯ ಮನೆಗೆ ಹೋದೆ. ಮಳೆ ಬೀಳುವ ಮೊದಲು ಮುಗಿಸಬೇಕೆಂದು ಅಂಗಳದ ತುಂಬ ಮೀನು ಹರಡಿದ್ದರು. ಗಳದ ಮೇಲೆ ತಾವು ಸಾಲಾಗಿ ಕುಳಿತಿದ್ದಿರಿ. ಇಪ್ಪತ್ತೆರಡು ಮಂದಿ. ತಮ್ಮಲ್ಲಿ ಕೆಲವರ ಮುಖಪರಿಚಯ ನನಗೆ ನಮ್ಮ ಅಂಗಳದಿಂದಲೇ ಇತ್ತು. ಮೀನು ನಿಲ್ಲಿಸಿ ತಮ್ಮನ್ನು ನಮ್ಮ ಮನೆಯಿಂದ ಓಡಿಸಿದವ ನಾನೇ ಎಂದು ಆಗ ಅರ್ಥವಾಯಿತು. ಹನ್ನೆರಡನೆಯ ದಿನ ತಾವು ಬಾರದಿರಲು ಅದೊಂದೇ ಕಾರಣವಾಗಿದ್ದರೆ ನನಗೆ ಸಮಾಧಾನ. ಆದರೆ ಅದೊಂದೇ ಕಾರಣ ಎಂದು ನಾನೇ ತೀರ್ಪು ಕೊಟ್ಟುಕೊಂಡರೆ ನ್ಯಾಯವಾಗುವುದಿಲ್ಲ. ತೀರ್ಪು ಕೊಡುವ ಚಟ ನನಗೆ ಈಗಾಗಲೇ ಒಮ್ಮೆ ಆಗಿ ಹೋಗಿದೆ.

೧೩. ಆದ್ದರಿಂದ ಬರುವ ವೈಶಾಖ ಬಹುಳ ಸಪ್ತಮಿಯ ವರ್ಷಾಂತಿಕದಲ್ಲಿ ಎರಡು ಎಡೆ ಇಡಲು ತೀರ್ಮಾನಿಸಿದ್ದೇನೆ. ಒಂದು, ವಿಧಿಯಂತೆ ಮನೆಯ ಹಿಂದೆ. ಇನ್ನೊಂದು, ಗಂಗೆಯ ಅಂಗಳದಲ್ಲಿ, ಸುಗಂಧಾ ಕೂರುತ್ತಿದ್ದ ಜಗಲಿಯ ಎದುರಿಗೆ. ಇದಕ್ಕೆ ಬಂದ ಆಕ್ಷೇಪಣೆಗಳು: ನಾಯಕರ ಮನೆಯ ಎಡೆ ಬೇರೆಯವರ ಅಂಗಳದಲ್ಲಿ ಇಟ್ಟ ಪದ್ಧತಿ ಇಲ್ಲ ಎಂದು ನನ್ನ ದೊಡ್ಡಪ್ಪನ ಮಕ್ಕಳು ಹೇಳಿದರು. ಅಮ್ಮನಿಗೆ ಮನೆಯಲ್ಲಿ ಊಟ ಇರಲಿಲ್ಲ ಎಂದು ಊರು ಮಾತಾಡುತ್ತದೆ ಅಪ್ಪಾ ಎಂದು ವಿಜೇತಾ ಅತ್ತಳು. ಮಾತಾಡಲಿ ಮಗಾ, ಇರಲಿಲ್ಲವಲ್ಲ ಎಂದೆ. ಪಟ್ಟಿ ತಂದವಳು ತಾನೆಂದು ಅವಳೂ ವರ್ಷವಿಡೀ ಒಳಗೊಳಗೆ ಬೆಂದಿದ್ದಾಳೆ ಎಂದು ನನಗೆ ಆಗಲೇ ತಿಳಿದದ್ದು. ನೀನು ತಂದದ್ದು ತಾಯಿ ಬದುಕಲಿ ಎಂದು, ಅದನ್ನು ಕಾನೂನು ಮಾಡಿದವ ನಾನು ಎಂದು ಹೇಳಿ ಅವಳ ತಲೆ ಸವರಿದೆ. ಭಟ್ಟರನ್ನು ಕೇಳಿದಾಗ, ನನ್ನ ಕೆಲಸ ಮುಗಿದು ನಾನು ಬೈಕು ಹತ್ತಿದ ಮೇಲೆ ನೀವು ಎಲ್ಲಿ ಏನು ಇಟ್ಟರೂ ನಾನು ನೋಡಿಲ್ಲ ಎಂದು ಅನುಮತಿ ನೀಡಿದರು. ಗಂಗೆಯೇ ಹೆಚ್ಚು ಹಿಂಜರಿದಳು. ನಮ್ಮ ಅಂಗಳ ಮೀನಿನ ವಾಸನೆ ನಾಯ್ಕರೇ ಎಂದಳು. ಅದಕ್ಕಾಗಿಯೇ ಅಲ್ಲಿ ಇಡುವುದು ಎಂದೆ.

೧೪. ಸದರಿ ಎರಡನೆಯ ಎಡೆಗೆ ಬೇಕಾದ ರೊಟ್ಟಿಯನ್ನು ನಾನೇ ತಟ್ಟುತ್ತೇನೆ. ಇದಕ್ಕಾಗಿ ಯುಗಾದಿಯಿಂದ ದಿನಾ ಬೆಳಿಗ್ಗೆ ಗಂಗೆಯ ಮನೆಯಲ್ಲಿ ಅಭ್ಯಾಸ ನಡೆದಿದೆ. ಮೊದಮೊದಲು ನನ್ನ ರೊಟ್ಟಿಗೆ ಉತ್ತರ ಕನ್ನಡ ಜಿಲ್ಲೆಯ ನಕಾಶೆಯ ಆಕಾರವಿತ್ತು. ಈಗ ತಾಲೂಕಿನ ಮಟ್ಟಕ್ಕೆ ಬಂದಿದೆ. ರೊಟ್ಟಿ ತಟ್ಟುವುದು ಸಣ್ಣ ವ್ಯಾಯಾಮವಲ್ಲ ಎಂಬುದನ್ನು ಈ ಸಂದರ್ಭದಲ್ಲಿ ಒಪ್ಪಿಕೊಳ್ಳುತ್ತೇನೆ. ಎಂಟು ಮಂದಿಗೆ ತಟ್ಟಿದ ದಿನ ಹೆಗಲು ಹಿಡಿದುಕೊಂಡು ದೇವರ ದೀಪ ಹಚ್ಚಲು ಕೈ ಏಳಲಿಲ್ಲ. ಅವಳ ನೋಟಬುಕ್ಕಿನಲ್ಲಿ ನಾನು ಹಾಕಿದ ಉತ್ತಮ ಎಂಬ ಷರಾಗಳನ್ನು ಆದ್ದರಿಂದ ರದ್ದು ಮಾಡಿಲ್ಲ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ:

ಅ. ಸದರಿ ದಿನ ಮಧ್ಯಾಹ್ನ ತಾವು ಗಂಗೆಯ ಅಂಗಳದ ಎಡೆಯನ್ನು ಮುಟ್ಟಬೇಕು. ಪ್ರಭಾರದವರನ್ನು ಕಳುಹಿಸಬಾರದು.

ಆ. ಮುಟ್ಟಿದರೆ, ಗಂಗೆ ಹೇಳಿದ್ದು ನಿಜ, ಸುಗಂಧಾ ನಗುತ್ತಲೇ ಇದ್ದಳು ಎಂದು ತಿಳಿಯುತ್ತೇನೆ.

ಇ. ಮುಟ್ಟದಿದ್ದರೆ, ಅವಳ ಸಿಟ್ಟು ನ್ಯಾಯವಾದದ್ದೆಂದು ಒಪ್ಪಿ, ಬರುವ ವರ್ಷ ಮತ್ತೆ ರೊಟ್ಟಿ ತಟ್ಟಿ ಇಡುತ್ತೇನೆ. ಅದರ ಮುಂದಿನ ವರ್ಷವೂ ಇಡುತ್ತೇನೆ. ನನಗೆ ಆಯುಷ್ಯ ಇರುವವರೆಗೆ ಅರ್ಜಿ ನವೀಕರಿಸುತ್ತೇನೆ. ಮೇಲಿನವರಿಗೆ ಮೇಲ್ಮನವಿ ಸಲ್ಲಿಸುವುದಿಲ್ಲ.

ಈ. ಎಡೆಯಲ್ಲಿ ರೊಟ್ಟಿ ಎರಡು ಇರುತ್ತವೆ. ತಾವು ಎರಡನ್ನೂ ಪೂರ್ತಿ ತೆಗೆದುಕೊಂಡು ಹೋಗಿ ಅವಳಿಗೆ ತಲುಪಿಸಬೇಕು. ದಾರಿಯಲ್ಲಿ ಹಂಚಿಕೊಳ್ಳುವುದಿದ್ದರೆ ತಮಗಾಗಿ ಬೇರೆ ರೊಟ್ಟಿ ಇಡಲಾಗುವುದು.

ತಮ್ಮ ವಿಶ್ವಾಸಿ,
ಸೋಮು ಬೊಮ್ಮಯ್ಯ ನಾಯಕ

ಸ್ಥಳ: ಬೇಲೆಕೇರಿ
ದಿನ: ಚೈತ್ರ ಬಹುಳ ಏಕಾದಶಿ

ಲಗತ್ತುಗಳು:
೧. ಗಂಗೆ ಹರಿಕಂತ್ರ ಇವರ ನಿರಾಕ್ಷೇಪಣಾ ಪತ್ರ, ಅವರ ಸ್ವಂತ ಸಹಿಯೊಂದಿಗೆ. ಹಾಳೆಗೆ ಅಂಟಿದ ಮೀನಿನ ಹುರುಪೆಯನ್ನು ಮೊಹರೆಂದು ಪರಿಗಣಿಸುವುದು.
೨. ತೂಕದ ನೋಟಬುಕ್ಕು, ಹನ್ನೊಂದು ತಿಂಗಳಿನದು. ಪರಿಶೀಲಿಸಿ ಹಿಂತಿರುಗಿಸಬೇಕಾಗಿ ಕೋರಿಕೆ. ಕೆಲವು ಪುಟಗಳ ಅಂಚಿನಲ್ಲಿ ಅವಳು ಪೆನ್ಸಿಲಿನಿಂದ ನನ್ನ ಚಿತ್ರ ಬರೆದಿದ್ದಾಳೆ. ಮೂಗು ದೊಡ್ಡದಾಗಿದೆ.
೩. ಮಾದರಿಗಾಗಿ ರೊಟ್ಟಿ, ಒಂದು. ಅರ್ಜಿಯನ್ನು ಓದಿದ ನಂತರ ತಿನ್ನುವುದು.

ಪ್ರತಿ: ವೆಂಕಟ್ರಮಣ ದೇವರಿಗೆ, ಮಾಹಿತಿಗಾಗಿ ಮತ್ತು ಮುಂದಿನ ಕ್ರಮಕ್ಕಾಗಿ.

ತಂದೆ ವೆಂಕಟ್ರಮಣಾ, ಕಾಗೆಯವರು ಬರಲಿ, ಬಾರದಿರಲಿ. ನನಗೆ ಉತ್ತರ ಸಿಗಲಿ, ಸಿಗದಿರಲಿ. ಸುಗಂಧಾ ನಿನ್ನ ಹತ್ತಿರ ಬಂದು ವರ್ಷವಾಗುತ್ತ ಬಂತು. ಅವಳ ಆತ್ಮಕ್ಕೆ ಶಾಂತಿ ಕೊಡು. ಹೊತ್ತಿಗೆ ಸರಿಯಾಗಿ ಬಡಿಸು. ಇನ್ನು ಸ್ವಲ್ಪ ಹಾಕಲೇ ಎಂದು ನೀನೇ ಕೇಳು, ಅವಳಾಗಿ ಕೇಳುವವಳಲ್ಲ. ಅವಳು ಉಣ್ಣುವಾಗ ಯಾರೂ ಬಾಗಿಲಲ್ಲಿ ನಿಂತು ನೋಡದಿರಲಿ.